ತಾರಸಿ ತೋಟ: ಆರಿದ್ರಾ ಮಳೆಯಿಂದ ದೀಪಾವಳಿವರೆಗೆ ಏನು, ಯಾವಾಗ? (ಮೆಣಸಿನ ಎಲೆ ಮುದುರಿದೆ, ಹೀರೆ ಕಾಯಿ ಕಟ್ಟುತ್ತಿಲ್ಲ)

ಮಹಡಿಮನೆ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎರಡನೇ ಮಹಡಿ ಮೇಲಿನ ತಾರಸಿ, 20×15 ಅಡಿ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಒಳ್ಳೆ ಬಿಸಿಲು, ಆಮೇಲೆ ಪಕ್ಕದ ಮನೆ ನೆರಳು. ರಸ್ತೆ ಕಡೆ ಪ್ಯಾರಾಪೆಟ್ ಪಕ್ಕದಲ್ಲೇ ಬೀದಿದೀಪ. ನೀರು ಬೋರ್‌ವೆಲ್‌ದು. ಮನೆಯಲ್ಲಿ ನಾಲ್ಕು ಜನ.

ಬೇಕಿರೋದು: ದಿನದ ಅಡುಗೆಗೆ ಸೊಪ್ಪು, ವಾರಕ್ಕೆ ಎರಡು ಮೂರು ಸಲ ಪಲ್ಯಕ್ಕಾಗುವಷ್ಟು ತರಕಾರಿ, ಆಯುಧಪೂಜೆ ಮತ್ತು ದೀಪಾವಳಿಗೆ ಮನೆಯದ್ದೇ ಚೆಂಡು ಹೂ, ಸೇವಂತಿಗೆ (ಇದು ಅತ್ತೆಯವರ ಬೇಡಿಕೆ). ಜೊತೆಗೆ ದೊಡ್ಡಪತ್ರೆ, ತುಳಸಿ, ಪುದೀನ, ಕರಿಬೇವು.

ಈಗಿರುವ ತೊಂದರೆಗಳು:
1. ಆರು ಮೆಣಸಿನ ಗಿಡದಲ್ಲೂ ಕುಡಿ ಎಲೆ ಮುದುರಿದೆ.
2. ಬೇಸಿಗೆಯಲ್ಲಿ ಹಾಕಿದ ಹೀರೆ ಬಳ್ಳಿ ತುಂಬ ಹೂ ಬಿಡುತ್ತೆ, ಎಲ್ಲ ಉದುರುತ್ತೆ. ಒಂದೂ ಕಾಯಿಲ್ಲ.
3. ಕೊತ್ತಂಬರಿ ಬಿತ್ತಿ ಎರಡು ವಾರ ಆಯ್ತು, ಮೊಳಕೆ ಇಲ್ಲ.
4. ಹಾಲಿನವರ ಹತ್ತಿರ ತಂದ ಸಗಣಿಯನ್ನ ನೇರ ಚೀಲಕ್ಕೆ ಬೆರೆಸಿದ್ದೀವಿ. ಈಗ ಅಗೆದರೆ ದಪ್ಪ ಬಿಳಿ ಹುಳ ಸಿಗ್ತಿದೆ.

ಮೃಗಶಿರ ಮಳೆ ಮುಗಿಯುತ್ತಾ ಬಂತು. ಈ ಸಲವಾದರೂ ಸರಿಯಾಗಿ ಶುರು ಮಾಡೋಣ ಅಂತ. ಯಾವ ಗೊಬ್ಬರ ಹಾಕಬೇಕು, ಏನು ಮೊದಲು, ಏನು ಆಮೇಲೆ?

---

ಕೆಂಪುಮಣ್ಣು

ಗೊಬ್ಬರದ ಮಾತು ಆಮೇಲೆ. ನಿಮ್ಮ ಪಟ್ಟಿಯಲ್ಲಿ ಗೊಬ್ಬರ ಕಡಿಮೆಯಾಗಿ ಆದ ತೊಂದರೆ ಒಂದೂ ಇಲ್ಲ. ಹುಳ, ಹಸಿ ಸಗಣಿ, ಬೆಳಕು, ಬಿತ್ತೋ ರೀತಿ ಇಂಥವುಗಳಿಂದ ಆಗಿರೋದು.

ಮೊದಲು ತೂಕ. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಮಾನದಂಡದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ, ಅಂದರೆ ಚದರ ಅಡಿಗೆ ಹೆಚ್ಚುಕಮ್ಮಿ 14 ಕೆಜಿ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗಿಗೆ ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ 37 ಲೀಟರ್ ಮಣ್ಣು ಹಿಡಿಯುತ್ತೆ, ನೆನೆದಾಗ 40 ಕೆಜಿ ದಾಟುತ್ತೆ. ಹಾಗಾಗಿ ಅಂಥ ಒಂದು ಚೀಲಕ್ಕೆ ಕನಿಷ್ಠ ಮೂರು ಚದರ ಅಡಿ ಜಾಗ ನಿಮ್ಮ ಲೆಕ್ಕದಲ್ಲಿರಲಿ. 12 ಇಂಚಿನದು 20-22 ಕೆಜಿ ಬರುತ್ತೆ. ದೊಡ್ಡವು 15, ಸಣ್ಣವು 15, ಸೊಪ್ಪಿಗೆ ಆರು ಇಂಚು ಆಳದ ಟ್ರೇ ಏಳೆಂಟು: ನಾಲ್ಕು ಜನಕ್ಕೆ ಇದು ಸಾಕು, ಓಡಾಡೋಕೂ ಜಾಗ ಉಳಿಯುತ್ತೆ. ಭಾರದ ಚೀಲಗಳು ತಾರಸಿ ನಡುವೆ ಬೇಡ, ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲಿ ಇಡಿ. ಹಳೇ ಮನೆಯಾದರೆ ಇಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಚೀಲಗಳನ್ನ ನೆಲಕ್ಕೆ ತಾಗಿಸಬೇಡಿ. ಎರಡು ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೇಲಿರಲಿ. ಕೆಳಗೆ ಗುಡಿಸೋಕೆ ಆಗಬೇಕು, ನೀರು ಹರಿಯಬೇಕು. ಮಳೆನೀರು ಇಳಿಯೋ ಪೈಪಿನ ಬಾಯಿಗೆ ಜಾಲರಿ ಹಾಕಿ, ವಾರಕ್ಕೊಮ್ಮೆ ಎಲೆ ತೆಗೆಯಿರಿ. ನಿಮ್ಮ ತಾರಸಿಯಲ್ಲಿ ಒಂದು ಇಂಚು ನೀರು ನಿಂತರೆ ಅದೇ 700 ಕೆಜಿ. ಎಲ್ಲ ಚೀಲದ ತೂಕ ಲೆಕ್ಕ ಹಾಕಿದವರೂ ಇದನ್ನ ಮರೀತಾರೆ.

ಮಣ್ಣು: ಕೆಂಪು ಮಣ್ಣು, ಕಳಿತ ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಒಂದೊಂದು ಪಾಲು. ದೊಡ್ಡ ಚೀಲಕ್ಕೆ ತಲಾ 12 ಲೀಟರ್, ಅಂದರೆ ಪೇಂಟ್ ಬಕೆಟ್ಟಲ್ಲಿ ಅಳೆದರೆ ಆಯ್ತು. ಜೊತೆಗೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಮೂಳೆ ಪುಡಿ. ಐದು ಕೆಜಿ ನಾರಿನ ಇಟ್ಟಿಗೆ ನೆನೆದಾಗ 60-70 ಲೀಟರ್ ಆಗುತ್ತೆ. ಅದನ್ನ ನೆನೆಸಿ ಹಿಂಡಿ ನೀರು ಚೆಲ್ಲಿ, ಎರಡು ಸಲ. ಅದರಲ್ಲಿ ಉಪ್ಪಿನಂಶ ಇರುತ್ತೆ, ತೊಳೆಯದೆ ಹಾಕಿದರೆ ಸಸಿಯ ಎಲೆ ಅಂಚು ಸುಡುತ್ತೆ. ಮಳೆಗಾಲಕ್ಕೆ ನಾರಿನ ಪುಡಿಯಲ್ಲಿ ಅರ್ಧ ತೆಗೆದು ಭತ್ತದ ಹೊಟ್ಟು ಹಾಕಿ, ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಚೀಲ ಕೆಸರಾಗುತ್ತೆ. ಬೆರೆಸಿ ಒದ್ದೆ ಮಾಡಿ ಹತ್ತು ದಿನ ಬಿಟ್ಟು ಆಮೇಲೆ ನೆಡಿ.

ಹಸಿ ಸಗಣಿ: ಅದು ಚೀಲದೊಳಗೇ ಕಳಿಯೋಕೆ ಶುರುವಾದರೆ ಬಿಸಿ ಏಳುತ್ತೆ, ಬೇರು ಕಂದುತ್ತೆ. ಆ ದಪ್ಪ ಬಿಳಿ ಹುಳ ಗೊಣ್ಣೆಹುಳು, ಅದು ದುಂಬಿಯ ಮರಿ. ಕೆಲವು ಜಾತಿಯವು ಗೊಬ್ಬರ ಮಾತ್ರ ತಿಂತವೆ, ಕೆಲವು ಬೇರನ್ನೂ ಕತ್ತರಿಸ್ತವೆ. ಬೇರ್ಪಡಿಸೋ ಗೋಜಿಗೆ ಹೋಗಬೇಡಿ. ಚೀಲ ಸುರಿದು, ಹುಳ ಆರಿಸಿ ತೆಗೆದು, ಮಣ್ಣನ್ನ ಹಾಳೆ ಮೇಲೆ ಹರಡಿ ಒಣಗಿಸಿ. ಆ ಸಗಣಿ ಮಣ್ಣನ್ನ ಮೂಲೆಯಲ್ಲಿ ಒಣ ಎಲೆ ಜೊತೆ ಗುಡ್ಡೆ ಹಾಕಿ ಎರಡು ಮೂರು ತಿಂಗಳು ಬಿಡಿ. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದ ಮೇಲೆ ಅದೇ ಒಳ್ಳೆ ಗೊಬ್ಬರ.

---

ಸಸಿಮಡಿ

ಮೇಲಿನವರು ಮಣ್ಣು ಹೇಳಿದ್ದಾರೆ, ನಾನು ಹೊತ್ತು ಹೇಳ್ತೀನಿ. ಬೆಂಗಳೂರಿನಲ್ಲಿ ಜೂನ್-ಜುಲೈ ಅಂದರೆ ಜಿಟಿಜಿಟಿ ಮಳೆ, ಜೋರು ಗಾಳಿ. ನಿಜವಾದ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇದನ್ನ ತಲೆಯಲ್ಲಿಟ್ಟುಕೊಂಡು ಬಿತ್ತಬೇಕು.

ಆರಿದ್ರಾ (ಜೂನ್ 21ರ ಸುಮಾರಿಂದ ಜುಲೈ 5): ಟೊಮೆಟೊ, ಬದನೆ, ಮೆಣಸನ್ನ ಪ್ರೋಟ್ರೇನಲ್ಲಿ (ಸಣ್ಣ ಕುಳಿಗಳಿರುವ ಸಸಿ ತಟ್ಟೆ) ಸಸಿ ಮಾಡಿ. ಕುಳಿಗೆ ಒಂದೇ ಬೀಜ, ಬೀಜದ ದಪ್ಪದ ಎರಡರಷ್ಟು ಆಳ, ಅಷ್ಟೇ. ಟೊಮೆಟೊ 25 ದಿನಕ್ಕೆ, ಮೆಣಸು 35-40 ದಿನಕ್ಕೆ ನಾಟಿಗೆ ಬರುತ್ತೆ. ಸಸಿ ಬುಡ ಕೊಳೆತು ದಾರದ ಹಾಗೆ ಬಾಗಿ ಬೀಳುವುದು ನೀರು ಹೆಚ್ಚಾದ್ದರಿಂದ. ಬೆಳಗ್ಗೆ ಒಂದು ಸಲ ಮಾತ್ರ ನೀರು ಚಿಮುಕಿಸಿ. ಇದೇ ಸಮಯಕ್ಕೆ ಬೆಂಡೆ, ಹುರುಳಿಕಾಯಿ, ಅಲಸಂದೆ, ಹೀರೆ ನೇರ ಚೀಲಕ್ಕೆ ಬಿತ್ತಿ.

ತಳಿ ವಿಷಯ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳು ನಮ್ಮ ಹವೆಗೇ ಹುಟ್ಟಿದವು. ಟೊಮೆಟೊಗೆ ಅರ್ಕಾ ರಕ್ಷಕ್: ಎಲೆ ಮುರುಟು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತೆ. ಆದರೆ ಅದು ಹೈಬ್ರಿಡ್, ಬೀಜ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಿದರೆ ಅದೇ ಗುಣ ಬರಲ್ಲ. ಬೆಂಡೆಗೆ ಅರ್ಕಾ ಅನಾಮಿಕ, ಇದರ ಬೀಜ ಇಟ್ಟುಕೊಳ್ಳಬಹುದು. ಹುರುಳಿಕಾಯಿಗೆ ಅರ್ಕಾ ಕೋಮಲ್, ಪೊದೆ ಜಾತಿ, ಚಪ್ಪರ ಬೇಡ. ದಂಟು ಸೊಪ್ಪಿಗೆ ಅರ್ಕಾ ಸುಗುಣ, ಕೊಯ್ದಷ್ಟೂ ಚಿಗುರುತ್ತೆ.

ಎಷ್ಟು ಗಿಡ? ಟೊಮೆಟೊ, ಬದನೆ, ಹೀರೆ ದೊಡ್ಡ ಚೀಲಕ್ಕೆ ಒಂದೇ. ಮೆಣಸು 12 ಇಂಚಿನದಕ್ಕೆ ಒಂದು, ಬೆಂಡೆ ಎರಡು. ಬೆಂಡೆ ಹಾಕಿದರೆ ಹತ್ತು ಗಿಡಕ್ಕೆ ಕಡಿಮೆ ಹಾಕಬೇಡಿ. ನಾಲ್ಕು ಗಿಡ ಇದ್ದರೆ ದಿನ ಬಿಟ್ಟು ದಿನ ನಾಲ್ಕು ಕಾಯಿ ಸಿಗುತ್ತೆ, ಅದು ಹುಳಿಗೂ ಇಲ್ಲ ಪಲ್ಯಕ್ಕೂ ಇಲ್ಲ. ಬಿತ್ತಿದ 45-50 ದಿನಕ್ಕೆ ಕೊಯ್ಲು ಶುರು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ತುದಿ ಚಟ್ಟಂತ ಮುರಿದರೆ ಎಳೆಯದು, ಬಾಗಿದರೆ ನಾರು ಬಂದಿದೆ. ಬಲಿತ ಕಾಯಿ ಗಿಡದಲ್ಲೇ ಬಿಟ್ಟರೆ ಮುಂದಿನ ಹೂವು ಕಡಿಮೆಯಾಗುತ್ತೆ.

ಪುನರ್ವಸು, ಪುಷ್ಯ (ಆಗಸ್ಟ್ 2ರವರೆಗೆ): ಟೊಮೆಟೊ ನಾಟಿ, ಅವರೆ ಬಿತ್ತನೆ, ಚೆಂಡು ಹೂ ಸಸಿ. ಆಷಾಢದ ಗಾಳಿಗೆ ಕೋಲಿಲ್ಲದ ಟೊಮೆಟೊ ನಿಲ್ಲಲ್ಲ. ನೆಡುವಾಗಲೇ ಐದು ಅಡಿ ಕೋಲು ಚುಚ್ಚಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತೆ. ಪಶ್ಚಿಮದ ಕಡೆ ಹಸಿರು ಬಲೆ ಕಟ್ಟಿ, ಗಾಳಿ ತಡೆದರೆ ಸಾಕು, ಮೇಲೆ ಮುಚ್ಚಬೇಡಿ.

ಅವರೆ ಬಗ್ಗೆ ಒಂದು ಎಚ್ಚರಿಕೆ. ಸೊಗಡಿನ ನಾಡ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡೋದು. ಜುಲೈ-ಆಗಸ್ಟಿನಲ್ಲಿ ಬಿತ್ತಿದರೂ ಕಾಯಿ ನವೆಂಬರ್ ಕೊನೆಗೆ, ಡಿಸೆಂಬರಿಗೆ. ಅಲ್ಲಿಯವರೆಗೆ ಬಳ್ಳಿ ಬರೀ ಎಲೆ ಬಿಟ್ಟರೆ ಹೆದರಬೇಡಿ. ಬೇಗ ಬೇಕಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ (ಎಚ್‌ಎ-3, ಎಚ್‌ಎ-4). ಗಿಡ್ಡ ಗಿಡ, ಯಾವ ಕಾಲಕ್ಕೂ ಹೂ ಬಿಡುತ್ತೆ. ಸೊಗಡು ಮಾತ್ರ ಆ ಮಟ್ಟಕ್ಕಿಲ್ಲ.

ಹುಬ್ಬೆ, ಉತ್ತರೆ (ಸೆಪ್ಟೆಂಬರ್): ಹೊಸ ಹಣ್ಣು-ಕಾಯಿ ಗಿಡ ನೆಡಬೇಡಿ. ಮೂಲಂಗಿ, ಪಾಲಕ್ ಬಿತ್ತಿ. ಟೊಮೆಟೊ ಗಿಡದ ಕೆಳಗಿನ ಒಂದು ಅಡಿ ಎಲೆ ತೆಗೆದುಬಿಡಿ, ಮಣ್ಣಿನ ಮೇಲೆ ಒಣ ಹುಲ್ಲು ಹೊದಿಸಿ. ಮಳೆಹನಿಗೆ ಮಣ್ಣು ಎಲೆಗೆ ಎರಚಿದರೆ ಅಂಗಮಾರಿ ಹತ್ತೋದು ಅಲ್ಲಿಂದಲೇ. ಚುಕ್ಕೆ ಕಂಡ ಎಲೆ ಕಿತ್ತು ದೂರ ಹಾಕಿ. ಹರಡಿದರೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್, ಮಳೆ ಇಲ್ಲದ ಸಂಜೆ.

ಹಸ್ತ, ಚಿತ್ತೆ (ಅಕ್ಟೋಬರ್): ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಬಟಾಣಿ. ಚಳಿ ಹತ್ತಿರ ಬಂದಷ್ಟೂ ಇವು ಖುಷಿ.

ಸೊಪ್ಪಿನ ಟ್ರೇ ಎಲ್ಲ ಒಂದೇ ದಿನ ಬಿತ್ತಬೇಡಿ, ಹತ್ತು ದಿನಕ್ಕೆ ಒಂದೊಂದು. ದಂಟಿನ ಬೀಜಕ್ಕೆ ಹತ್ತು ಪಟ್ಟು ಮರಳು ಬೆರೆಸಿ ಎರಚಿ, ಇಲ್ಲಾಂದ್ರೆ ಒತ್ತೊತ್ತಾಗಿ ಹುಟ್ಟುತ್ತೆ. ಮೂರೇ ದಿನದಲ್ಲಿ ಬೀಜ ಮಾಯವಾದರೆ ಇರುವೆ ಹೊತ್ತುಕೊಂಡು ಹೋಗಿವೆ ಅಂತಲೇ ಲೆಕ್ಕ. ಟ್ರೇ ಕಾಲುಗಳನ್ನ ನೀರಿನ ತಟ್ಟೆಯಲ್ಲಿಡಿ.

---

ಬಯಲುಸೀಮೆ ಬೇಸಾಯ

ಮೆಣಸಿನಕಾಯಿ ಎಲೆ ಮುದುರಿದೆ ಅಂದರೆ ಸಾಲಲ್ಲ ರೀ. ಯಾವ ಕಡೆ ಮುದುರಿದೆ ಅನ್ನೋದರ ಮೇಲೆ ಔಷಧಿ.

ಎಲೆ ಅಂಚು ಮೇಲಕ್ಕೆ ದೋಣಿ ಹಾಗೆ ಎದ್ದಿದ್ದರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ. ಬಿಳಿ ಹಾಳೆ ಹಿಡಿದು ಕುಡಿ ಮೇಲೆ ಬೆರಳಲ್ಲಿ ತಟ್ಟಿ, ಸಣ್ಣ ಅಡ್ಡಗೆರೆಯಂಥ ಹಳದಿ ಹುಳ ಹಾಳೆ ಮೇಲೆ ಹರಿದಾಡ್ತವೆ. ಎಲೆ ಅಂಚು ಕೆಳಕ್ಕೆ ಮಡಚಿ, ಎಲೆ ಸಣ್ಣದಾಗಿ, ತೊಟ್ಟು ಮಾತ್ರ ಉದ್ದಕ್ಕೆ ಎಳೆದಂತಿದ್ದರೆ ಮೈಟ್ ನುಸಿ. ಅದು ಬರಿಗಣ್ಣಿಗೆ ಕಾಣಲ್ಲ. ಕುಡಿ ಪೂರ್ತಿ ಗುಚ್ಛವಾಗಿ, ಎಲೆ ಹಳದಿಯಾಗಿ, ಗಿಡ ಕುಳ್ಳಾಗಿ ನಿಂತಿದ್ದರೆ ನಂಜು ರೋಗ. ಬಿಳಿ ನೊಣ ತರೋದು. ಅದಕ್ಕೆ ಮದ್ದಿಲ್ಲ, ಕಿತ್ತು ಹಾಕಿ, ಪಕ್ಕದ ಟೊಮೆಟೊಗೆ ಹೋಗೋ ಮುಂಚೆ.

ಥ್ರಿಪ್ಸಿಗೆ: ಮುದುರಿದ ಕುಡಿ ಚಿವುಟಿ ತೆಗೆಯಿರಿ, ಆ ಎಲೆ ಮತ್ತೆ ಬಿಡಿಸಿಕೊಳ್ಳಲ್ಲ. ಬೇವಿನ ಎಣ್ಣೆ 5 ಮಿಲಿ, ದ್ರವ ಸೋಪು 1-2 ಮಿಲಿ, ಉಗುರು ಬೆಚ್ಚಗಿನ ನೀರು 1 ಲೀಟರ್. ಮೊದಲು ಎಣ್ಣೆಯನ್ನ ಸೋಪಿಗೆ ಕದಡಿ ಹಾಲಿನ ಹಾಗೆ ಮಾಡಿಕೊಂಡು ಆಮೇಲೆ ನೀರು ಸೇರಿಸಿ. ಎಣ್ಣೆ ಮೇಲೆ ತೇಲಿದರೆ ಗಿಡಕ್ಕೆ ಬರೀ ನೀರು ಹೊಡೆದಂಗೆ, ಕೊನೇ ಹನಿ ಎಲೆ ಸುಡುತ್ತೆ. ಸಂಜೆ, ಎಲೆ ತಳಕ್ಕೆ ಹೊಡೀರಿ. ಐದಾರು ದಿನಕ್ಕೊಮ್ಮೆ, ಮೂರು ಸಲ. ಒಂದೇ ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಬಂದವು ಮತ್ತೆ ತಿಂತವೆ.

ಮೈಟ್ ನುಸಿಗೆ ಬೇವಿನ ಎಣ್ಣೆಗಿಂತ ನೀರಿನಲ್ಲಿ ಕರಗೋ ಗಂಧಕ ವಾಸಿ, ಲೀಟರಿಗೆ 3 ಗ್ರಾಂ. ಎರಡನ್ನೂ ಹಿಂದೆ ಮುಂದೆ ಹೊಡೀಬೇಡಿ, ನಡುವೆ ಎರಡು ವಾರ ಬಿಡಿ, ಇಲ್ಲಂದ್ರೆ ಎಲೆ ಸುಟ್ಟು ಉದುರ್ತದೆ. ಬಿರುಬಿಸಿಲಲ್ಲಿ ಬೇಡ. ಹೀರೆ, ಸೌತೆ ಬಳ್ಳಿಗೆ ಗಂಧಕ ತಾಗಿಸಬೇಡಿ, ಅವಕ್ಕೆ ತಡ್ಕೊಳಾಕ ಆಗೂದಿಲ್ಲ.

---

ಅಡಿಗೆಮನೆ ಮದ್ದು

ಇಷ್ಟೆಲ್ಲ ಯಾಕೆ? ಹುಳಿ ಮಜ್ಜಿಗೆ ಒಂದು ಲೋಟ, ಹತ್ತು ಲೋಟ ನೀರು, ಸ್ವಲ್ಪ ಇಂಗು. ಮೆಣಸಿಗೂ ಅದೇ, ಕರಿಬೇವಿಗೂ ಅದೇ.

---

ಬಯಲುಸೀಮೆ ಬೇಸಾಯ

ಮಜ್ಜಿಗೆ ಬೇಡ ಅನ್ನಲ್ಲ ಅಕ್ಕಾರ, ಆದರೆ ಕೆಲಸ ಬೇರೆ. ಕುಂಬಳ ಜಾತಿ ಎಲೆ ಮೇಲೆ ಹಿಟ್ಟು ಉದುರಿಸಿದಂಗೆ ಬರೋ ಬೂದಿ ರೋಗಕ್ಕೆ ಹಾಲು-ಮಜ್ಜಿಗೆ ನೀರು ಶುರುವಿನಲ್ಲೇ ಹೊಡೆದರೆ ತಡೀತದೆ. ಥ್ರಿಪ್ಸ್ ಸಾಯಲ್ಲ. ಮಜ್ಜಿಗೆ ಹೊಡೆದು ಎರಡು ವಾರ ಕಾಯೋದರಲ್ಲಿ ಗಿಡ ಮುಗಿದಿರ್ತದೆ, ಅದೇ ತೊಂದರೆ.

---

ಚಪ್ಪರ

ಹೀರೆಗೆ ಬರ್ತೀನಿ. ಹೂವಿನ ಹಿಂದೆ ನೋಡಿ. ಗೊಂಚಲಲ್ಲಿ ಬಂದು ಬರೀ ತೊಟ್ಟಿದ್ದರೆ ಗಂಡು ಹೂ, ಒಂಟಿಯಾಗಿ ಬಂದು ಹಿಂದೆ ಕಡ್ಡಿಯಷ್ಟು ದಪ್ಪದ ಎಳೆ ಹೀರೆ ಇದ್ದರೆ ಹೆಣ್ಣು. ಮೊದಲು ಎರಡು ಮೂರು ವಾರ ಗಂಡೇ ಬರೋದು, ಅವು ಉದುರಲೇಬೇಕು. ಅಷ್ಟರ ಮೇಲೂ ಹೆಣ್ಣು ಬರದಿದ್ದರೆ ಸಾಮಾನ್ಯವಾಗಿ ಕಾರಣ: ನೆರಳು, ಇಲ್ಲವೇ ಸಾರಜನಕ ಹೆಚ್ಚು. ಹಸಿ ಸಗಣಿ ಹಾಕಿದ್ದೀರಲ್ಲ, ಬಳ್ಳಿ ಕಡು ಹಸಿರಾಗಿ ಎಲೆ ಅಗಲವಾಗಿದ್ದರೆ ಅದೇ ಇರಬೇಕು. ಬಳ್ಳಿಗೆ ಹತ್ತು ಹನ್ನೆರಡು ಎಲೆ ಆದಾಗ ತುದಿ ಚಿವುಟಿ. ಪಕ್ಕದ ಕವಲಿನಲ್ಲಿ ಹೆಣ್ಣು ಹೂ ಹೆಚ್ಚು.

ಹೆಣ್ಣು ಬಂದೂ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ತಾಗಿಲ್ಲ. ಇಲ್ಲಿ ಬಹಳ ಜನ ಎಡವ್ತಾರೆ. ಕೈಯಿಂದ ಪರಾಗ ಹಚ್ಚಿ ಅಂದರೆ ಬೆಳಗ್ಗೆ ಎದ್ದು ಹೋಗ್ತಾರೆ. ಹಾಗಲ, ಸೌತೆ, ಕುಂಬಳಕ್ಕೆ ಬೆಳಗ್ಗೆ ಸರಿ. ಹೀರೆ ಹೂ ಅರಳೋದು ಸಂಜೆ, ಸೋರೆಯೂ ಅಷ್ಟೇ. ಸಂಜೆ ಆರರ ಮೇಲೆ ಆಗಷ್ಟೇ ಬಿರಿದ ಗಂಡು ಹೂ ಕಿತ್ತು, ಹಳದಿ ಎಸಳು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನ ಹೆಣ್ಣು ಹೂವಿನ ನಡುವಿನ ಅಂಟು ಗುಬುಟಿಗೆ ಮೆಲ್ಲಗೆ ಒರೆಸಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ತುಪ್ಪದ ಹೀರೆಯದ್ದು ಬೆಳಗಿನ ಜಾವ ಅರಳುತ್ತೆ, ಇವೆರಡನ್ನ ಗೊಂದಲ ಮಾಡ್ಕೋಬೇಡಿ. ಮಳೆ ಬರುವ ಹಾಗಿದ್ದರೆ ಹಚ್ಚಿದ ಮೇಲೆ ಹೂವಿಗೆ ಸಣ್ಣ ಪ್ಲಾಸ್ಟಿಕ್ ಕವರ್ ಟೋಪಿ ಹಾಕಿ, ಬೆಳಗ್ಗೆ ತೆಗೀರಿ.

ಕಾಯಿ ಬೆರಳುದ್ದ ಆಗಿ ಸೊಟ್ಟಗಾಗಿ, ಒಂದು ಚುಕ್ಕೆಯಿಂದ ಅಂಟು ಸೋರಿದರೆ ಅದು ಹಣ್ಣು ನೊಣ. ಚುಚ್ಚಿದ ಕಾಯಿ ಉಳಿಯಲ್ಲ. ಕಿತ್ತು ಸೋಪು ನೀರಲ್ಲಿ ಮುಳುಗಿಸಿಡಿ, ತೊಟ್ಟಿಗೆ ಎಸೆದರೆ ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗುತ್ತೆ. ಹೂ ಬಾಡಿದ ಮರುದಿನವೇ ಎಳೆ ಕಾಯಿಗೆ ಹಳೇ ತೆಳು ಬಟ್ಟೆಯ ಚೀಲ ಕಟ್ಟಿ. ಮೋಹಕ ಬಲೆ ತರುವಾಗ ಕ್ಯೂ ಲೂರ್ (ಹೀರೆ ನೊಣವನ್ನ ಸೆಳೆಯೋ ವಾಸನೆಯ ಮದ್ದು) ಇರುವುದನ್ನೇ ಕೇಳಿ. ಮಾವಿನ ನೊಣದ ಬಲೆಗೆ ಹೀರೆ ನೊಣ ಬರಲ್ಲ.

ಕೊತ್ತಂಬರಿ: ಇಡೀ ಕಾಳು ಬಿತ್ತಿದ್ದೀರಿ ಅಂತ ಕಾಣುತ್ತೆ. ಒಂದು ಕಾಳಲ್ಲಿ ಎರಡು ಬೀಜ. ಚಪಾತಿ ಲಟ್ಟಣಿಗೆ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ಪುಡಿಯಾಗಬಾರದು. ರಾತ್ರಿ ನೆನೆಸಿ, ನೀರು ಬಸಿದು, ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಒದ್ದೆ ಗೋಣಿ ಮುಚ್ಚಿ. 8-12 ದಿನ ಬೇಕು. ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗೆಯಿರಿ. ವರ್ಷ ದಾಟಿದ ಕಾಳಾದರೆ ಏನು ಮಾಡಿದರೂ ಅಷ್ಟಕ್ಕಷ್ಟೇ.

---

ಮಹಡಿಮನೆ

ಎಲ್ಲರಿಗೂ ಧನ್ಯವಾದ. ಮೆಣಸು ನೋಡಿದೆ: ಕೆಳಕ್ಕೆ ಮಡಚಿದೆ, ತೊಟ್ಟು ಉದ್ದ. ಅಂದರೆ ಗಂಧಕ. ಹೀರೆ ಬರೀ ಗೊಂಚಲು ಹೂವೇ.

ಹೂವಿನ ಬಗ್ಗೆ ಯಾರೂ ಹೇಳಿಲ್ಲ. ಸೇವಂತಿಗೆ ಕುಂಡಗಳನ್ನ ಬೀದಿದೀಪದ ಕಡೆ ಇಡೋಣ ಅಂತಿದ್ದೆವು, ಅಲ್ಲಿ ಬಿಸಿಲು ಚೆನ್ನಾಗಿದೆ.

---

ಹೂಬುಟ್ಟಿ

ಅಲ್ಲಿ ಮಾತ್ರ ಇಡಬೇಡಿ. ಸೇವಂತಿಗೆಗೆ ಹಗಲು ಬಿಸಿಲು ಎಷ್ಟು ಮುಖ್ಯವೋ ರಾತ್ರಿ ಕತ್ತಲೆ ಅಷ್ಟೇ ಮುಖ್ಯ. ಉದ್ದನೆಯ, ತಡೆಯಿಲ್ಲದ ಕತ್ತಲೆ ಸಿಕ್ಕಾಗಲೇ ಅದು ಮೊಗ್ಗು ಕಟ್ಟೋದು. ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬ್ ಉರಿಸೋದು ಚಂದಕ್ಕಲ್ಲ, ಹೂವನ್ನ ಮುಂದಕ್ಕೆ ತಳ್ಳಿ ಗಿಡ ಬೆಳೆಸೋಕೆ. ನಿಮ್ಮ ಬೀದಿದೀಪ ಅದೇ ಕೆಲಸ ಪುಕ್ಕಟೆ ಮಾಡುತ್ತೆ: ಗಿಡ ಸೊಂಪಾಗಿ ಬೆಳೆದು ಹಬ್ಬಕ್ಕೆ ಒಂದೂ ಹೂ ಇರಲ್ಲ. ದೀಪದ ಬೆಳಕು ಬೀಳದ ಮೂಲೆಗೆ ಒಯ್ಯಿರಿ. ನಾಡ ಅವರೆ ಚೀಲವನ್ನೂ ಅದೇ ಕಡೆ ಇಡಿ. ದೀಪದ ಪಕ್ಕಕ್ಕೆ ಬೆಂಡೆ, ಬದನೆ, ಟೊಮೆಟೊ ಇಟ್ಟರೆ ಏನೂ ಆಗಲ್ಲ.

ಸೇವಂತಿಗೆಯ ಕ್ರಮ: ಈಗಲೇ ಬುಡದ ಮರಿಗಿಡ ಬಿಡಿಸಿ ನೆಡಿ, ಅಥವಾ ಮೂರು ಇಂಚು ಕುಡಿ ಕತ್ತರಿಸಿ ಮರಳಿನಲ್ಲಿ ಬೇರು ಬರಿಸಿ. ನಾಲ್ಕು ವಾರಕ್ಕೆ ತುದಿ ಚಿವುಟಿ, ಹೊಸ ಕವಲು ಬೆರಳುದ್ದ ಆದಾಗ ಮತ್ತೊಮ್ಮೆ. ಆಗಸ್ಟ್ ಮಧ್ಯದ ನಂತರ ಚಿವುಟಬೇಡಿ, ಮೊಗ್ಗನ್ನೇ ಚಿವುಟಿದ ಹಾಗಾಗುತ್ತೆ. ಮೊಗ್ಗು ಕಂಡ ಮೇಲೆ ಎಲೆ ಮೇಲೆ ನೀರು ಸುರಿಯೋದು ನಿಲ್ಲಿಸಿ. ಮೊಗ್ಗಿನ ಬುಡದಲ್ಲಿ ಕಪ್ಪು ಹೇನು ಗುಂಪು ಕಟ್ಟಿದರೆ ಸೋಪು ನೀರಲ್ಲಿ ಬೆರಳಿಂದ ಒರೆಸಿ ತೆಗೆಯಿರಿ.

ಚೆಂಡು ಹೂ ಲೆಕ್ಕ ಸುಲಭ. ಸಸಿಗೆ 25 ದಿನ, ನಾಟಿಯಿಂದ ಹೂವಿಗೆ 55-60 ದಿನ. ಕ್ಯಾಲೆಂಡರ್ ತೆಗೆದು ಆಯುಧಪೂಜೆಯಿಂದ ಹಿಂದಕ್ಕೆ 85 ದಿನ ಎಣಿಸಿ, ಆ ದಿನ ಬೀಜ ಹಾಕಿ. ದೀಪಾವಳಿಗೆ ಇನ್ನೊಂದು ಕಂತು, ಇಪ್ಪತ್ತು ದಿನ ತಡವಾಗಿ. ಗಿಡ ಒಂದು ಗೇಣು ಆದಾಗ ತುದಿ ಚಿವುಟಿದರೆ ಹೂ ಹೆಚ್ಚು, ಆದರೆ ವಾರ ಹತ್ತು ದಿನ ತಡ. ಚಿವುಟುವುದಾದರೆ 95 ದಿನ ಎಣಿಸಿ. 12 ಇಂಚಿನ ಚೀಲಕ್ಕೆ ಒಂದು ಗಿಡ. ಕಳೆದ ವರ್ಷದ ಹಾರ ಒಣಗಿಸಿಟ್ಟ ಬೀಜ ಹುಟ್ಟುತ್ತೆ, ಆದರೆ ಹೈಬ್ರಿಡ್ ಹೂವಿನದ್ದಾದರೆ ಗಿಡಕ್ಕೊಂದು ಥರ, ಅರ್ಧ ಒಂಟಿ ಎಸಳು. ಹಾರಕ್ಕೆ ಬೇಕಂದರೆ ಹೊಸ ಬೀಜ ಕೊಳ್ಳಿ. ದಪ್ಪ ಹೂವು ಮಳೆನೀರು ಕುಡಿದು ಕೊಳೆಯುತ್ತೆ, ಹಬ್ಬದ ಹಿಂದಿನ ವಾರ ಜೋರು ಮಳೆ ಇದ್ದರೆ ಮುಕ್ಕಾಲು ಅರಳಿದಾಗಲೇ ಕೊಯ್ದು ನೆರಳಲ್ಲಿ ಹರಡಿ.

---

ಕರಾವಳಿ ಸೊಪ್ಪು

ಯಾರೂ ಬಸಳೆ ಹೆಸರೇ ಎತ್ತಲಿಲ್ಲವಲ್ಲ! ಮಳೆಗಾಲಕ್ಕೆ ಅದಕ್ಕಿಂತ ಸುಲಭದ್ದು ಇಲ್ಲ. ಮಾರ್ಕೆಟ್ಟಿನ ಕಟ್ಟಿನಿಂದ ಬಲಿತ ದಂಟು ಆರಿಸಿ, ಮೂರು ಗೆಣ್ಣು ಇರುವ ತುಂಡು ಮಾಡಿ, ಎರಡು ಗೆಣ್ಣು ಮಣ್ಣೊಳಗೆ ಓರೆಯಾಗಿ ಹೂಳಿ. ದೊಡ್ಡ ಚೀಲಕ್ಕೆ ಮೂರು ತುಂಡು, ಮೇಲೆ ಒಂದು ಹಗ್ಗದ ಚಪ್ಪರ. ಎಲೆ ಬಿಡಿಬಿಡಿಯಾಗಿ ಕೀಳುವ ಬದಲು ಒಂದೂವರೆ ಅಡಿ ದಂಟು ಸಮೇತ ಕತ್ತರಿಸಿ, ಕವಲು ಒಡೆಯುತ್ತದೆ. ಎಲೆಯಲ್ಲಿ ಕೆಂಪು ಅಂಚಿನ ದುಂಡು ಚುಕ್ಕೆ ಬಂದರೆ ಆ ಎಲೆ ತೆಗೆದು ಬಳ್ಳಿಗೆ ಗಾಳಿ ಆಡುವ ಹಾಗೆ ಮಾಡಿ, ಅಷ್ಟೇ.

---

ನಾರುಬೇರು

ಔಷಧಿ ಗಿಡಗಳು ಉಳಿದಿವೆ.

ದೊಡ್ಡಪತ್ರೆ, ಪುದೀನ ಎರಡನ್ನೂ ಒಂದೇ ಕಡೆ ಇಡಬೇಡಿ, ಗುಣ ತದ್ವಿರುದ್ಧ. ದೊಡ್ಡಪತ್ರೆ ಕಾಂಡ ರಸ ತುಂಬಿದ್ದು. ಗೇಣುದ್ದ ಕತ್ತರಿಸಿ, ಕತ್ತರಿಸಿದ ಬಾಯಿ ಅರ್ಧ ದಿನ ಒಣಗಿದ ಮೇಲೆ, ಮರಳು ಹೆಚ್ಚಿರುವ ಮಣ್ಣಿಗೆ ನೆಡಿ. ಮೇಲಿನ ಒಂದು ಇಂಚು ಒಣಗುವವರೆಗೂ ನೀರು ಬೇಡ, ಮಳೆ ಹಿಡಿದರೆ ಸಜ್ಜಾ ಕೆಳಗೆ ಎಳೆದುಕೊಳ್ಳಿ. ಪುದೀನಕ್ಕೆ ಅಗಲ ಟ್ರೇ, ಅರೆನೆರಳು, ಸದಾ ತೇವ. ಕಟ್ಟಿನ ಕಡ್ಡಿ ನೀರಲ್ಲಿಟ್ಟರೆ ಐದಾರು ದಿನಕ್ಕೆ ಬೇರು. ಎಲೆ ತಳದಲ್ಲಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ, ನೆಲಮಟ್ಟಕ್ಕೆ ಕತ್ತರಿಸಿ, ಹೊಸ ಚಿಗುರು ಶುದ್ಧವಾಗಿ ಬರುತ್ತೆ.

ತುಳಸಿಯ ಕದಿರು ಬಲಿಯಲು ಬಿಡಬೇಡಿ. ಬೀಜ ಕಟ್ಟಿದ ಗಿಡ ಎಲೆ ನಿಲ್ಲಿಸಿ ಕಟ್ಟಿಗೆಯಾಗುತ್ತೆ. ವಾರಕ್ಕೊಮ್ಮೆ ಕದಿರಿನ ಕೆಳಗಿನ ಎರಡು ಎಲೆ ಸೇರಿಸಿ ಚಿವುಟಿ.

ಕರಿಬೇವಿನಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕ್ಷಾರ ಹೆಚ್ಚಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಗ್ರಂಥಿಗೆ ಅಂಗಡಿಯ ಅನ್ನಭೇದಿ (ಕಬ್ಬಿಣದ ಸಲ್ಫೇಟ್) 2-3 ಗ್ರಾಂ, ಅರ್ಧ ಚಮಚ ನಿಂಬೆರಸ, ಒಂದು ಲೀಟರ್ ನೀರು, ಎಲೆಗೆ ಹದಿನೈದು ದಿನಕ್ಕೊಮ್ಮೆ. ಮಾರ್ಬಲ್ ನೆಲದ ಮೇಲೆ ಚೆಲ್ಲಬೇಡಿ, ಕಲೆ ಹೋಗಲ್ಲ. ಮಳೆನೀರು ಡ್ರಮ್ಮಲ್ಲಿ ಹಿಡಿದಿಟ್ಟು ಕರಿಬೇವಿಗೆ ಮೀಸಲಿಟ್ಟರೆ ಇನ್ನೂ ಒಳ್ಳೇದು. ಮಜ್ಜಿಗೆ ಹೇಳಿದವರು ಇಲ್ಲಿ ಪೂರ್ತಿ ತಪ್ಪಲ್ಲ, ಅದರ ಹುಳಿ ಸ್ವಲ್ಪ ಸಹಾಯ ಮಾಡುತ್ತೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಮುಟ್ಟಿ ನೋಡಿ, ನಿಂಬೆ ಚಿಟ್ಟೆಯ ಮರಿಹುಳು ಅದು. ದೊಡ್ಡದಾದ ಮೇಲೆ ಹಸಿರಾಗುತ್ತೆ, ಎರಡು ದಿನದಲ್ಲಿ ಚಿಕ್ಕ ಗಿಡ ಬೋಳು ಮಾಡುತ್ತೆ. ಕೈಯಿಂದ ಆರಿಸಿ ತೆಗೆದರೆ ಸಾಕು.

---

ಮಹಡಿಮನೆ

ಕೊನೆಯದೊಂದು. ಚೀಲ ತುಂಬುವಾಗ ಹಾಕಿದ ಗೊಬ್ಬರ ದೀಪಾವಳಿವರೆಗೆ ಸಾಕಾಗುತ್ತಾ?

---

ಕೆಂಪುಮಣ್ಣು

ಈಗ ಕೇಳಿದ್ದು ಸರಿಯಾದ ಹೊತ್ತು. ಸಾಕಾಗಲ್ಲ. ಸೊಪ್ಪಿಗೆ ಸಾಕು, ಕಾಯಿ ಗಿಡಕ್ಕೆ ಮೊದಲ ಹೂವಿನಿಂದ ಮೇವು ಬೇಕು. ಕಡಲೆಕಾಯಿ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ದಿನಕ್ಕೆರಡು ಸಲ ಕಲಕಿ, ಹತ್ತು ಪಟ್ಟು ನೀರು ಸೇರಿಸಿ, ದೊಡ್ಡ ಚೀಲಕ್ಕೆ ಅರ್ಧ ಲೀಟರ್. ಹದಿನೈದು ದಿನಕ್ಕೊಮ್ಮೆ. ಹೀರೆಗೆ ಹೆಣ್ಣು ಹೂ ಬರುವವರೆಗೆ ಇದನ್ನ ಕೊಡಬೇಡಿ. ಮುಚ್ಚಳ ಬಿಗಿ ಮಾಡಬೇಡಿ, ಉಬ್ಬಿ ಹಾರುತ್ತೆ. ವಾಸನೆಗೆ ನೆರೆಮನೆಯವರು ಜಗಳಕ್ಕೆ ಬಂದರೆ ಅದರ ಬದಲು ಪ್ರತಿ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರ ಹಾಕಿ.

ಜೀವಾಮೃತ ಮಾಡುವುದಾದರೆ ಹತ್ತು ಲೀಟರ್ ನೀರಿಗೆ ನಾಟಿ ಹಸುವಿನ ಸಗಣಿ ಅರ್ಧ ಕೆಜಿ, ಗಂಜಲ ಅರ್ಧ ಲೀಟರ್, ಬೆಲ್ಲ 100 ಗ್ರಾಂ, ಕಡಲೆ ಹಿಟ್ಟು 100 ಗ್ರಾಂ, ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ, ವಾರದೊಳಗೆ ಮುಗಿಸಿ.

ಸೆಪ್ಟೆಂಬರಿನ ಮಳೆ ಚೀಲದೊಳಗಿನ ಸತ್ವ ತೊಳೆದುಕೊಂಡು ಹೋಗುತ್ತೆ, ಕೆಳಗಿನ ಎಲೆ ಬೆಳ್ಳಗಾಗುತ್ತೆ. ಆಗ ಪ್ರಮಾಣ ಹೆಚ್ಚಿಸಬೇಡಿ. ಅದನ್ನೇ ಅರ್ಧ ಮಾಡಿ ವಾರಕ್ಕೊಮ್ಮೆ ಕೊಡಿ, ಮಳೆ ನಿಂತ ಮರುದಿನ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಮೊಟ್ಟೆ ಸಿಪ್ಪೆ ಪುಡಿ ಸುರಿಯೋಕೆ ಓಡಬೇಡಿ, ಅದು ಕರಗೋಕೆ ತಿಂಗಳುಗಳೇ ಬೇಕು. ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿದ್ದಕ್ಕೆ ಸುಣ್ಣದಂಶ ಕಾಯಿಗೆ ತಲುಪಿಲ್ಲ, ಅಷ್ಟೇ. ನೀರು ದಿನವೂ ಒಂದೇ ಅಳತೆಯಲ್ಲಿ ಕೊಟ್ಟರೆ ಮುಂದಿನ ಗೊಂಚಲು ಸರಿಯಾಗಿ ಬರುತ್ತೆ.